ಕನ್ನಡಿಗ ಯಾರು? ಒಂದು ಪ್ರತ್ಯಯ ಮತ್ತು ಕೆಲವು ವ್ಯಾಖ್ಯೆಗಳ ವಿಮರ್ಶೆ

2024ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ಸಚಿವ ಸಂಪುಟವು ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಉದ್ಯೋಗಗಳನ್ನು ಕಾದಿರಿಸುವ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಎಂಬ ಪ್ರಮಾಣಗಳ ಕುರಿತು ಬೇಕಾದಷ್ಟು ಚರ್ಚೆಯಾಗಿದೆ. ಉದ್ಯಮಿಗಳು ವಿರೋಧಿಸಿದರು, ಸಂಘಟನೆಗಳು ಬೆಂಬಲಿಸಿದವು, ಅರ್ಥಶಾಸ್ತ್ರಜ್ಞರು ಲಾಭನಷ್ಟಗಳನ್ನು ಎಣಿಸಿದರು. ಆ ಮಸೂದೆಯ ವ್ಯಾಖ್ಯೆಯ ವಾಕ್ಯವನ್ನು ಮಾತ್ರ ಭಾಷೆಯನ್ನು ಓದುವ ಕಣ್ಣಿನಿಂದ ಓದಿದವರು ವಿರಳ. ಸ್ಥಳೀಯ ಅಭ್ಯರ್ಥಿ ಎಂದರೆ ಕರ್ನಾಟಕದಲ್ಲಿ ಹುಟ್ಟಿದವನು, 15 ವರ್ಷ ಇಲ್ಲಿ ನೆಲೆಸಿದವನು, ಓದಿದರೆ ತಿಳಿಯುವ ಹಾಗೆ ಕನ್ನಡವನ್ನು ಮಾತನಾಡಲು, ಓದಲು, ಬರೆಯಲು ಬಲ್ಲವನು, ಹಾಗೂ ನಿಯೋಜಿತ ಸಂಸ್ಥೆಯೊಂದು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಎಂಬುದು ಅದರ ತಾತ್ಪರ್ಯ. ಇಂಗ್ಲಿಷ್ ಪಾಠದಲ್ಲಿ ‘ಲೆಜಿಬಲ್’ ಎಂಬ ವಿಶೇಷಣವು ಮೂರು ಕ್ರಿಯೆಗಳಿಗೂ ಒಟ್ಟಾಗಿ ಅನ್ವಯಿಸುತ್ತದೆ. ಬರವಣಿಗೆ ಓದಲು ಬರುವಂತಿರಬೇಕು ಎಂದರೆ ಅರ್ಥವಾಗುತ್ತದೆ. ಮಾತು ಓದಲು ಬರುವಂತಿರಬೇಕು ಎಂದರೆ ಏನು?

ಇದನ್ನು ಕರಡು ಬರೆದವರ ಕೈತಪ್ಪೆಂದು ಬದಿಗಿಡಬಹುದಿತ್ತು. ಆದರೆ ಕಳೆದ ನಲವತ್ತು ವರ್ಷಗಳಲ್ಲಿ ‘ಕನ್ನಡಿಗ’ನನ್ನು ಗುರುತಿಸಲು ಸರ್ಕಾರವು ಬರೆದುಕೊಂಡ ಪಠ್ಯಗಳನ್ನು ಒಟ್ಟಿಗಿಟ್ಟು ನೋಡಿದಾಗ, ಮಾತನ್ನು ಬರಹದ ಅಳತೆಗೋಲಿನಿಂದ ಅಳೆಯುವ ಈ ಅಭ್ಯಾಸವು ಒಂದು ವಾಕ್ಯಕ್ಕೆ ಸೀಮಿತವಾದದ್ದಲ್ಲವೆಂದು ಕಾಣುತ್ತದೆ. ಪ್ರಸ್ತುತ ಲೇಖನವು ಆ ಪಠ್ಯಗಳನ್ನು, ಅವುಗಳಿಗೆ ಹಿನ್ನೆಲೆಯಾಗಿ ನಿಂತ ‘ಕನ್ನಡಿಗರ ಗುಣ’ದ ಕುರಿತ ಬರವಣಿಗೆಯನ್ನು, ಪಶ್ಚಿಮ ಬೆಂಗಳೂರಿನ ದಿನಬಳಕೆಯ ಮಾತಿನ ಎದುರಿಗಿಟ್ಟು ಪರಿಶೀಲಿಸುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನು ಆರಿಸಿಕೊಂಡಿರುವುದಕ್ಕೆ ಕಾರಣ ಸರಳ. ಬೆಂಗಳೂರಿನ ‘ಕನ್ನಡದ ಭಾಗ’ವೆಂದು ಊರಿನವರೇ ಸಾಮಾನ್ಯವಾಗಿ ತೋರಿಸುವುದು ಈ ದಿಕ್ಕನ್ನು. ಕನ್ನಡತನವು ಪ್ರಶ್ನಾತೀತವಾಗಿದೆ ಎಂದುಕೊಂಡ ಕಡೆಯಲ್ಲಿಯೇ ಅದರ ಅರ್ಥವನ್ನು ಕೇಳಿದರೆ ಹೆಚ್ಚು ತಿಳಿಯುತ್ತದೆ.

‘ಇಗ’

ಶಾಲೆಯ ವ್ಯಾಕರಣ ಪುಸ್ತಕದಲ್ಲಿ ತದ್ಧಿತಾಂತ ನಾಮಗಳ ಪಾಠಕ್ಕೆ ಬಂದ ಪ್ರತಿ ವಿದ್ಯಾರ್ಥಿಗೂ ‘ಕನ್ನಡ + ಇಗ = ಕನ್ನಡಿಗ’ ಎಂಬ ಉದಾಹರಣೆ ನೆನಪಿರುತ್ತದೆ. ಅದೇ ಪಟ್ಟಿಯಲ್ಲಿ ಲೆಕ್ಕಿಗ, ಗಾಣಿಗ, ಒಕ್ಕಲಿಗ, ಚೆನ್ನಿಗ ಇರುತ್ತವೆ. ಕೇಶಿರಾಜನ ಕಾಲದಿಂದಲೂ ವೈಯಾಕರಣರು ಗುರುತಿಸಿರುವ ಈ ಪ್ರತ್ಯಯದ ಅರ್ಥವ್ಯಾಪ್ತಿ ವಿಶಾಲವಾದದ್ದು. ಗಾಣಿಗನು ಗಾಣವನ್ನು ಆಡಿಸುವವನು, ಲೆಕ್ಕಿಗನು ಲೆಕ್ಕ ಬರೆಯುವವನು, ಒಕ್ಕಲಿಗನು ಒಕ್ಕಲುತನ ಮಾಡುವವನು, ಚೆನ್ನಿಗನು ಚೆಲುವುಳ್ಳವನು, ಮಲೆನಾಡಿಗನು ಮಲೆನಾಡಿನವನು. ವೃತ್ತಿ, ಗುಣ, ನೆಲೆ ಎಂಬ ಮೂರು ಬಗೆಯ ಸಂಬಂಧಗಳನ್ನು ಒಂದೇ ಪ್ರತ್ಯಯವು ಹೊರುತ್ತದೆ. ಇವುಗಳಲ್ಲಿ ಯಾವುದು ‘ಕನ್ನಡಿಗ’ದಲ್ಲಿದೆ? ಕನ್ನಡವನ್ನು ಆಡುವವನೋ, ಕನ್ನಡದ ಗುಣವುಳ್ಳವನೋ, ಕನ್ನಡ ನಾಡಿನಲ್ಲಿರುವವನೋ? ಪದವು ಉತ್ತರ ಹೇಳುವುದಿಲ್ಲ, ಹೇಳಬೇಕಾದ ಹೊಣೆಯೂ ಅದಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇತ್ತೀಚಿನವರೆಗೆ ಬರೆದವರು ಈ ಮೂರನ್ನೂ ಅದರಲ್ಲಿ ಹುಡುಕಿದ್ದಾರೆ, ಬಹುಮಟ್ಟಿಗೆ ಯಾವುದನ್ನು ಹುಡುಕುತ್ತಿದ್ದೇವೆಂದು ಹೇಳದೆಯೇ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಪದವಿದೆ: ‘ವಲಸಿಗ’. ವಲಸೆ ಎಂಬ ನಾಮಕ್ಕೆ ಅದೇ ಪ್ರತ್ಯಯ ಸೇರಿ ಆದ ಪದ ಇದು. ವ್ಯಾಕರಣದ ದೃಷ್ಟಿಯಿಂದ ಕನ್ನಡಿಗನೂ ವಲಸಿಗನೂ ಒಂದೇ ಅಚ್ಚಿನಲ್ಲಿ ಎರೆದ ಪದಗಳು. ಒಬ್ಬನೇ ವ್ಯಕ್ತಿಯನ್ನು ಎರಡೂ ಸೂಚಿಸುವುದಕ್ಕೆ ಅಡ್ಡಿಯೇನೂ ಇಲ್ಲ. ಆದರೆ ಪತ್ರಿಕೆಗಳ ಶೀರ್ಷಿಕೆಗಳಲ್ಲಿ, ಸಭೆಗಳ ಭಾಷಣಗಳಲ್ಲಿ ಇವೆರಡೂ ವಿರುದ್ಧಪದಗಳಾಗಿ ನೆಲೆಗೊಂಡಿವೆ. ಕೆಂಗೇರಿಯಾಚೆ ಏಳುತ್ತಿರುವ ಕಟ್ಟಡಗಳಲ್ಲಿ ದುಡಿಯಲು ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಇರುವ ಕುಟುಂಬಗಳು ಯಾವ ಪದದಡಿ ಬರುತ್ತವೆ? ಅವರು ವಲಸೆ ಕಾರ್ಮಿಕರೆಂದು ದಾಖಲಾಗುತ್ತಾರೆ. ಕನ್ನಡಿಗರೆಂದು ಅವರನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದರೆ ಆ ಹೆಸರಿನಲ್ಲಿ ನಡೆಯುವ ವಾದದಲ್ಲಿ ಅವರ ಪ್ರಸ್ತಾಪ ಬರುವುದೇ ಅಪರೂಪ. ಬಂದರೂ ಸಿನಿಮಾದ ಹಾಸ್ಯಪಾತ್ರದ ‘ಹೌದ್ರೀ’ ರೂಪದಲ್ಲಿ ಬರುತ್ತದೆ. ಈ ವಿಷಯಕ್ಕೆ ಮುಂದೆ ಮರಳುತ್ತೇನೆ.

ಪ್ರತ್ಯಯದ ಬಗ್ಗೆ ಇನ್ನೊಂದು ಮಾತು, ಸ್ವಲ್ಪ ಪಕ್ಕಕ್ಕೆ ಸರಿದು. ‘ಕನ್ನಡಿಗ’ಕ್ಕೆ ಸ್ತ್ರೀಲಿಂಗ ರೂಪ ಯಾವುದು? ಹೂವಾಡಿಗ–ಹೂವಾಡಗಿತ್ತಿ ಎಂಬ ಕ್ರಮವನ್ನು ಅನುಸರಿಸಿದರೆ ‘ಕನ್ನಡಗಿತ್ತಿ’ ಬರಬೇಕು. ‘ಕನ್ನಡತಿ’ ಎಂಬುದು ಕಿರುತೆರೆಯ ಧಾರಾವಾಹಿಯೊಂದರ ಹೆಸರಾದ ಮೇಲೆ ಮನೆಮಾತಾಯಿತು. ಆದರೆ ಸರ್ಕಾರಿ ಪಠ್ಯಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಕಾನೂನಿನ ಕನ್ನಡಿಗನು ಇಂದಿಗೂ ಪುಲ್ಲಿಂಗಿ. ಮದುವೆಯಾಗಿ ನೆರೆರಾಜ್ಯದಿಂದ ಬಂದ ಹೆಣ್ಣುಮಕ್ಕಳ ಸ್ಥಿತಿಯನ್ನು ನೆನೆದರೆ ಇದು ಕೇವಲ ರೂಪದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹುಟ್ಟಿದ ಊರು ಗಡಿಯಾಚೆ ಇದ್ದರೆ ಇಲ್ಲಿ ಮೂವತ್ತು ವರ್ಷ ಬಾಳಿದರೂ 2024ರ ವ್ಯಾಖ್ಯೆ ಅವರನ್ನು ಒಳಗೆ ಬಿಡುತ್ತಿರಲಿಲ್ಲ.

ಮೂರು ಪಠ್ಯಗಳು

1980ರ ದಶಕದ ಸರೋಜಿನಿ ಮಹಿಷಿ ಸಮಿತಿಯ ವರದಿಯನ್ನು ಕನ್ನಡಪರ ಚಳವಳಿಗಳು ಇಂದಿಗೂ ತಮ್ಮ ಮೂಲ ದಾಖಲೆಯೆಂದು ಭಾವಿಸುತ್ತವೆ. 58 ಶಿಫಾರಸುಗಳ ಆ ವರದಿಯು ಕನ್ನಡಿಗನನ್ನು ಎರಡು ಲಕ್ಷಣಗಳಿಂದ ಗುರುತಿಸಿತು: ಕರ್ನಾಟಕದಲ್ಲಿ 15 ವರ್ಷಗಳ ವಾಸ, ಕನ್ನಡವನ್ನು ಓದಿ ಬರೆಯುವ ಜ್ಞಾನ. ಇದು ತನ್ನ ಕಾಲಕ್ಕೆ ಉದಾರವಾದ ವ್ಯಾಖ್ಯೆ. ಮನೆಮಾತು ಯಾವುದೆಂದು ಅದು ಕೇಳುವುದಿಲ್ಲ, ಹುಟ್ಟಿದ ಊರನ್ನೂ ಕೇಳುವುದಿಲ್ಲ. ಬೇರೆಡೆಯಿಂದ ಬಂದವರು ಕನ್ನಡಿಗರಾಗಬಹುದು ಎಂಬ ದಾರಿಯನ್ನು ಅದು ತೆರೆದಿಟ್ಟಿತು. ನಾನು ಓದಿರುವಷ್ಟರಲ್ಲಿ ಆ ವರದಿಯನ್ನು ಹೊಗಳುವವರೂ ತೆಗಳುವವರೂ ಈ ಔದಾರ್ಯವನ್ನು ಸಾಕಷ್ಟು ಗಮನಿಸಿಲ್ಲ.

ಆದರೂ ‘ಓದಿ ಬರೆಯುವ’ ಎಂಬ ನಿಬಂಧನೆಯ ಬೆಲೆಯನ್ನು ಲೆಕ್ಕ ಹಾಕಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36. ಏಳು ವರ್ಷ ಮೇಲ್ಪಟ್ಟವರಲ್ಲಿ ಸುಮಾರು ಕಾಲುಭಾಗಕ್ಕೆ ಯಾವ ಭಾಷೆಯ ಓದುಬರಹವೂ ಇರಲಿಲ್ಲ. ವರದಿ ಬಂದ ಕಾಲದಲ್ಲಿ ಆ ಪಾಲು ಇನ್ನೂ ದೊಡ್ಡದಾಗಿತ್ತು. ವ್ಯಾಖ್ಯೆಯನ್ನು ಅಕ್ಷರಶಃ ಓದಿದರೆ ಇವರಾರೂ ಕನ್ನಡಿಗರಲ್ಲ. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರನ್ನು ನೆನಪಿಸಿಕೊಳ್ಳೋಣ. ಮನೆಮಾತು ತೆಲುಗಾಗಿರುವ ಅಲೆಮಾರಿ ಸಮುದಾಯದಿಂದ ಬಂದ, ಅಕ್ಷರ ಕಲಿಯದ ಈ ಬುರ್ರಕಥೆಯ ಕಲಾವಿದೆ ಹಲವು ದೀರ್ಘ ಜನಪದ ಮಹಾಕಾವ್ಯಗಳನ್ನು ಕನ್ನಡದಲ್ಲಿ ಬಾಯಿಪಾಠವಾಗಿ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವವನ್ನು ನೀಡಿತು. ಕನ್ನಡ ವಿಶ್ವವಿದ್ಯಾಲಯದ ಅತ್ಯುನ್ನತ ಗೌರವಕ್ಕೆ ಅರ್ಹರಾದವರು ಸರ್ಕಾರದ ವ್ಯಾಖ್ಯೆಯ ಪ್ರಕಾರ ಕನ್ನಡಿಗರಲ್ಲ ಎಂಬ ಪರಿಸ್ಥಿತಿಯನ್ನು ಯಾರೂ ಉದ್ದೇಶಿಸಿರಲಾರರು. ಉದ್ದೇಶ ಅಲ್ಲಿರಲಿಲ್ಲ, ವಾಕ್ಯ ಅಲ್ಲಿತ್ತು.

ಈ ಸಂದರ್ಭದಲ್ಲಿ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಉಲ್ಲೇಖಿಸುವುದು ರೂಢಿ. ಕಾವೇರಿಯಿಂದ ಗೋದಾವರಿಯವರೆಗಿನ ಎಲ್ಲೆಯ ಮಾತನ್ನು ಪ್ರತಿ ರಾಜ್ಯೋತ್ಸವದ ವೇದಿಕೆಯಲ್ಲೂ ಕೇಳುತ್ತೇವೆ. ಆ ಎಲ್ಲೆಯ ಮಾತು ಬಂದಷ್ಟು ಬಾರಿ, ಅದೇ ಸಂದರ್ಭದಲ್ಲಿ ಗ್ರಂಥಕಾರನು ಆ ನಾಡಿನ ಜನರ ಬಗ್ಗೆ ಹೇಳಿದ ಮಾತು ವೇದಿಕೆಯಲ್ಲಿ ಬರುವುದಿಲ್ಲ: ಅವರು ಪುಸ್ತಕವಿಟ್ಟುಕೊಂಡು ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರು ಎಂಬುದು ಅದರ ಸಾರ. ಅದು ಪ್ರಶಂಸೆಯ ಮಾತು, ಜನಗಣತಿಯಲ್ಲ; ಅದರಿಂದ ರಾಷ್ಟ್ರಕೂಟರ ಕಾಲದ ಸಮಾಜವನ್ನು ಅಳೆಯಲಾಗದು. ಆದರೆ ನಾಡನ್ನು ನುಡಿಯಿಂದ ಗುರುತಿಸಿದ, ನಮಗೆ ದೊರೆತಿರುವ ಮೊದಲ ಗ್ರಂಥವು ಓದುಬರಹವನ್ನು ಷರತ್ತಾಗಿ ಇಡಲಿಲ್ಲ. ಆ ಗ್ರಂಥದಿಂದಲೇ ತನ್ನ ಪ್ರಾಚೀನತೆಯನ್ನು ಪಡೆಯುವ ಆಧುನಿಕ ಕನ್ನಡಾಭಿಮಾನವು ಆ ಷರತ್ತನ್ನು ಎಲ್ಲಿಂದ ತಂದಿತು? ವಸಾಹತು ಕಾಲದ ಶಾಲೆ, ಕಚೇರಿ ಮತ್ತು ಅರ್ಜಿಯ ಜಗತ್ತಿನಿಂದ ಎಂಬುದು ನನ್ನ ಊಹೆ. ನೌಕರಿಯ ಅರ್ಹತೆಯನ್ನು ಗುರುತಿನ ಲಕ್ಷಣವೆಂದು ತಿಳಿದ ಗೊಂದಲ ಅದು.

ಎರಡನೆಯ ಪಠ್ಯವು ಹೆಚ್ಚು ಚರ್ಚೆಗೆ ಬರದಿದ್ದರೂ ಪ್ರತಿವರ್ಷ ಸಾವಿರಾರು ಮನೆಗಳಲ್ಲಿ ಕೂಲಂಕಷವಾಗಿ ಓದಲ್ಪಡುತ್ತದೆ. ಅದು ವೃತ್ತಿಶಿಕ್ಷಣದ ಸಿಇಟಿ ಪ್ರವೇಶದ ಅರ್ಹತಾ ನಿಯಮಗಳು. ಅಲ್ಲಿ ‘ಗಡಿನಾಡ ಕನ್ನಡಿಗ’ ಎಂಬ ವರ್ಗವಿದೆ. ಕಾಸರಗೋಡು, ಜತ್ತ, ಅಕ್ಕಲಕೋಟೆ ಮುಂತಾದ ಪ್ರದೇಶಗಳಲ್ಲಿ ನೆಲೆಸಿ ಓದಿದ, ಕನ್ನಡ, ತುಳು ಅಥವಾ ಕೊಡವವನ್ನು ಮಾತೃಭಾಷೆಯಾಗಿ ಹೊಂದಿದ ವಿದ್ಯಾರ್ಥಿಗಳಿಗೆ ಅದು ಅವಕಾಶ ಕೊಡುತ್ತದೆ. ತುಳುವರೂ ಕೊಡವರೂ ಕನ್ನಡಿಗರೇ ಎಂದು ಸರ್ಕಾರ ಇಲ್ಲಿ ಒಪ್ಪುತ್ತದೆ. ತುಳುವನ್ನು ಎಂಟನೆಯ ಪರಿಚ್ಛೇದಕ್ಕೆ ಸೇರಿಸಬೇಕೆಂದು ಹೋರಾಡುವ ತುಳುವರೆಲ್ಲರೂ ಇದನ್ನು ಒಪ್ಪುತ್ತಾರೆಯೇ ಎಂಬುದು ಬೇರೆಯ ಪ್ರಶ್ನೆ. ತುಳು ಮನೆಮಾತಿನ ಕಯ್ಯಾರ ಕಿಞ್ಞಣ್ಣ ರೈಗಳು ಈ ವರ್ಗದಲ್ಲಿ ಸಲೀಸಾಗಿ ಬರುತ್ತಾರೆ. ಆದರೆ ಕೊಂಕಣಿ ಮನೆಮಾತಿನ, ಮಂಜೇಶ್ವರದ ಗೋವಿಂದ ಪೈಗಳು ಬರುವುದಿಲ್ಲ. ಹಿಂದಿನ ಮದ್ರಾಸು ಸರ್ಕಾರವು ರಾಷ್ಟ್ರಕವಿಯೆಂದು ಕರೆದ ಕನ್ನಡ ಕವಿಯನ್ನು ಒಂದು ಅರ್ಹತಾ ನಿಯಮವು ಹೊರಗಿಡುತ್ತದೆ. ದೊಡ್ಡ ಹೆಸರಿನ ಕವಿಗೆ ಇದರಿಂದ ನಷ್ಟವಿಲ್ಲ. ಅದೇ ಊರಿನ, ಅದೇ ಮನೆಮಾತಿನ, ಕನ್ನಡ ಮಾಧ್ಯಮದಲ್ಲೇ ಓದಿದ ಹದಿನೆಂಟರ ಹುಡುಗಿಗೆ ಇದೆ.

2024ರ ಮಸೂದೆ ಮೂರನೆಯದು. ಮಹಿಷಿ ವರದಿಯು ಬಿಟ್ಟಿದ್ದ ಹುಟ್ಟಿನ ಷರತ್ತನ್ನು ಇದು ಹೊಸದಾಗಿ ತಂದಿತು. ಹುಟ್ಟು, ವಾಸ, ಮಾತು, ಓದು, ಬರಹ, ಪರೀಕ್ಷೆ ಎಂಬ ಆರು ಷರತ್ತುಗಳನ್ನು ‘ಮತ್ತು’ ಎಂಬ ಸಮುಚ್ಚಯದಿಂದ ಬೆಸೆಯಿತು. ತರ್ಕದ ನಿಯಮ ಸರಳವಾದದ್ದು: ಸಮುಚ್ಚಯದಲ್ಲಿ ಷರತ್ತು ಹೆಚ್ಚಿದಷ್ಟೂ ಗಣ ಕುಗ್ಗುತ್ತದೆ. ಕನ್ನಡಿಗರ ಹಿತಕ್ಕೆಂದು ಬರೆದ ವಾಕ್ಯವು ಕನ್ನಡಿಗರ ಸಂಖ್ಯೆಯನ್ನು ಕಡಿಮೆ ಮಾಡುತ್ತ ಹೋಯಿತು. ಮಸೂದೆಯು ‘ಕನ್ನಡಿಗ’ ಎಂಬ ಪದವನ್ನು ಬಳಸದೆ ‘ಸ್ಥಳೀಯ ಅಭ್ಯರ್ಥಿ’ ಎಂಬ ಪದವನ್ನು ಬಳಸಿರುವುದಕ್ಕೆ ಸಂವಿಧಾನದ ಭಯ ಕಾರಣವಿರಬಹುದು. ಹರಿಯಾಣದ ಇಂತಹುದೇ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದುಪಡಿಸಿತ್ತು. ಆದರೆ ಸಾರ್ವಜನಿಕ ಚರ್ಚೆಯಲ್ಲಿ ಪರವಾಗಿದ್ದವರೂ ವಿರೋಧಿಸಿದವರೂ ಅದನ್ನು ‘ಕನ್ನಡಿಗರ ಮೀಸಲಾತಿ’ ಎಂದೇ ಕರೆದರು.

ಬೀದಿಯ ವ್ಯಾಕರಣ

ಈಗ ಈ ಪಠ್ಯಗಳನ್ನು ಬಿಟ್ಟು ರಾಜಾಜಿನಗರದ ಅಂಗಡಿಯ ಮುಂದೆ ನಿಲ್ಲೋಣ. ಅಲ್ಲಿ ‘ನೀವು ಕನ್ನಡಿಗರಾ?’ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ‘ಕನ್ನಡದೋರಾ?’ ಎಂದು, ಅಥವಾ ‘ಕನ್ನಡ ಬರುತ್ತಾ?’ ಎಂದು. ಮೂರು ರಚನೆಗಳನ್ನು ಬೇರ್ಪಡಿಸಿ ನೋಡುವುದು ಉಪಯುಕ್ತ.

‘ನಾನು ಕನ್ನಡಿಗ’ ಎಂಬುದು ಕ್ರಿಯಾಪದವಿಲ್ಲದ ಸಮೀಕರಣ ವಾಕ್ಯ. ಅದು ತಾರತಮ್ಯವನ್ನು ಸಹಿಸುವುದಿಲ್ಲ. ‘ಸ್ವಲ್ಪ ಕನ್ನಡಿಗ’ ಎಂದರೆ ನಗು ಬರುತ್ತದೆ. ಅದಕ್ಕೆ ಹತ್ತುವ ವಿಶೇಷಣಗಳು ಅಪ್ಪಟ, ಅಚ್ಚ, ಸ್ವಾಭಿಮಾನಿ, ಹೆಮ್ಮೆಯ ಎಂಬಂಥವು. ಇಲ್ಲವೇ ಹೊರನಾಡ, ಗಡಿನಾಡ, ಅನಿವಾಸಿ ಎಂಬ ನೆಲೆಯ ಮಾತುಗಳು. ಶುದ್ಧಿ, ಅಭಿಮಾನ ಮತ್ತು ಭೂಗೋಳ. ಸಾಮರ್ಥ್ಯವನ್ನು ಸೂಚಿಸುವ ವಿಶೇಷಣ ಇದಕ್ಕೆ ಸಹಜವಾಗಿ ಹತ್ತುವುದಿಲ್ಲ.

‘ನನಗೆ ಕನ್ನಡ ಬರುತ್ತದೆ’ ಎಂಬುದು ಚತುರ್ಥಿ ಕರ್ತೃವಿನ ವಾಕ್ಯ. ದ್ರಾವಿಡ ಭಾಷೆಗಳ ಪರಿಚಯ ಇರುವವರಿಗೆ ಹೊಸದೇನಲ್ಲ. ಇಲ್ಲಿ ಭಾಷೆಯು ಕರ್ತೃವಿನ ಸ್ಥಾನದಲ್ಲಿದ್ದು ವ್ಯಕ್ತಿಯ ಬಳಿಗೆ ಬರುತ್ತದೆ. ಇದು ತಾರತಮ್ಯಕ್ಕೆ ಪೂರ್ತಿಯಾಗಿ ಒಗ್ಗುತ್ತದೆ: ಸ್ವಲ್ಪ ಬರುತ್ತೆ, ಚೆನ್ನಾಗಿ ಬರುತ್ತೆ, ಮಾತಾಡೋಕೆ ಬರುತ್ತೆ ಬರೆಯೋಕೆ ಬರಲ್ಲ. ಬಸವೇಶ್ವರನಗರದಲ್ಲಿ ಕನ್ನಡ ಮನೆಯಲ್ಲಿಯೇ ಹುಟ್ಟಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಹಿಂದಿಯನ್ನೋ ಸಂಸ್ಕೃತವನ್ನೋ ಎರಡನೆಯ ಭಾಷೆಯಾಗಿ ಆರಿಸಿಕೊಂಡು ಬೆಳೆದ ಒಂದು ತಲೆಮಾರು ತನ್ನ ಬಗ್ಗೆ ಕೊನೆಯ ವಾಕ್ಯವನ್ನೇ ಹೇಳುತ್ತದೆ. 2015ರ ಕನ್ನಡ ಕಲಿಕಾ ಕಾಯಿದೆ ಬಂದ ನಂತರ ಅದೇ ಬೀದಿಯಲ್ಲಿ ಬಿಹಾರದಿಂದ ಬಂದ ಕುಟುಂಬದ ಮಗು ಕನ್ನಡದ ಕಾಗುಣಿತವನ್ನು ಬರೆಯುತ್ತಿರುತ್ತದೆ. ಓದುಬರಹದ ಪರೀಕ್ಷೆಯಿಟ್ಟರೆ ಯಾರು ತೇರ್ಗಡೆಯಾಗುತ್ತಾರೆ ಎಂಬುದಕ್ಕೆ ಸಂಶೋಧನೆ ಬೇಕಿಲ್ಲ.

ಮೂರನೆಯದು ‘ನಾವು ಕನ್ನಡದವರು’. ಷಷ್ಠಿ ವಿಭಕ್ತಿಗೆ ಸರ್ವನಾಮ ಸೇರಿ ಆದ ಈ ರೂಪವು ಊರಿನವರು, ಮನೆಯವರು, ಆ ಕಡೆಯವರು ಎಂಬುವುಗಳ ಸಾಲಿಗೆ ಸೇರುತ್ತದೆ. ಇದು ಸಂಬಂಧವನ್ನು ಹೇಳುತ್ತದೆ, ಆದರೆ ಯಾವ ಸಂಬಂಧವೆಂದು ನಿರ್ದಿಷ್ಟಪಡಿಸುವುದಿಲ್ಲ. ಆದ್ದರಿಂದಲೇ ಶ್ರೀರಾಮಪುರ, ರಾಜಾಜಿನಗರದ ಸುತ್ತ ಈ ಬಗೆಯ ವಾಕ್ಯ ಸಾಧ್ಯವಾಗುತ್ತದೆ: ‘ಮನೇಲಿ ತಮಿಳು ಮಾತಾಡ್ತೀವಿ, ಆದ್ರೆ ನಾವು ಕನ್ನಡದೋರೇ.’ ಕೊನೆಯ ‘ಏ’ಕಾರವು ಎದುರಿಗಿರುವವನ ಅನುಮಾನವನ್ನು ಮುಂಚೆಯೇ ಊಹಿಸಿ ಉತ್ತರಿಸುತ್ತದೆ. ಮನೆಮಾತು ಎಂಬ ನಮ್ಮ ಪದ ಇಲ್ಲಿ ಮಾಡುವ ಕೆಲಸವನ್ನು ‘ಮಾತೃಭಾಷೆ’ ಮಾಡಲಾರದು. ಮನೆಮಾತು ಮನೆಗೆ ಸೇರಿದ್ದು. ಹೊಸಿಲು ದಾಟಿದರೆ ಬೇರೆ ಮಾತಿರಬಹುದೆಂಬುದನ್ನು ಅದು ಒಪ್ಪಿಕೊಂಡಿದೆ. ಮಾತೃಭಾಷೆಯೆಂಬ ಪದಕ್ಕೆ ಆ ಸಡಿಲ ಇಲ್ಲ. ಅದರ ಸುತ್ತ ನ್ಯಾಯಾಲಯಗಳೇ ಸುತ್ತಬೇಕಾಯಿತು. 2014ರಲ್ಲಿ ಕರ್ನಾಟಕದ ಶಿಕ್ಷಣ ಮಾಧ್ಯಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ಪೋಷಕರು ಎಂದು ಹೇಳಿತು. ಭಾಷಾವಿಜ್ಞಾನಿಗಳು ತಲೆ ಕೆರೆದುಕೊಳ್ಳುವಂಥ ತೀರ್ಪು ಅದು.

ಸರ್ವನಾಮದ ವಿಷಯ ಬಂದುದರಿಂದ ಇನ್ನೊಂದನ್ನು ಹೇಳಬೇಕು. ತಮಿಳು, ತೆಲುಗು, ತುಳುಗಳಲ್ಲಿ ಉತ್ತಮಪುರುಷ ಬಹುವಚನಕ್ಕೆ ಎರಡು ರೂಪಗಳಿವೆ: ಕೇಳುಗನನ್ನು ಒಳಗೊಂಡ ‘ನಾವು’, ಕೇಳುಗನನ್ನು ಹೊರಗಿಟ್ಟ ‘ನಾವು’. ಹಳಗನ್ನಡದ ರೂಪಗಳಲ್ಲಿ ಈ ಭೇದದ ಕುರುಹನ್ನು ಕಾಣುವ ವಿದ್ವಾಂಸರಿದ್ದಾರೆ. ಇಂದಿನ ಕನ್ನಡದಲ್ಲಂತೂ ಅದು ಇಲ್ಲ. ‘ನಮ್ಮ ಮೆಟ್ರೋ’ ಎಂದಾಗ ಕೇಳುತ್ತಿರುವ ನೀನೂ ಅದರಲ್ಲಿದ್ದೀಯೋ ಇಲ್ಲವೋ ಎಂದು ವ್ಯಾಕರಣ ತಿಳಿಸುವುದಿಲ್ಲ. 2017ರಲ್ಲಿ ಮೆಟ್ರೋದ ಹಿಂದಿ ಫಲಕಗಳ ವಿರುದ್ಧ ಚಳವಳಿ ನಡೆದಾಗ ಆ ‘ನಮ್ಮ’ ಯಾರದು ಎಂಬುದೇ ವಿವಾದದ ತಿರುಳಾಗಿತ್ತು. ಇಲ್ಲಿಂದ ಒಂದೇ ಹೆಜ್ಜೆ ಮುಂದೆ ಹೋಗಿ, ಕನ್ನಡಿಗರು ಎಲ್ಲರನ್ನೂ ಒಳಗೊಳ್ಳುವವರಾದ್ದರಿಂದಲೇ ಅವರ ಭಾಷೆಯಲ್ಲಿ ಈ ಭೇದವಿಲ್ಲ ಎಂದು ಹೇಳುವ ಆಸೆ ಯಾರಿಗಾದರೂ ಹುಟ್ಟಬಹುದು. ಹುಟ್ಟಿದೊಡನೆ ಅದನ್ನು ಬಿಡಬೇಕು. ಭೇದವುಳ್ಳ ತಮಿಳರು ಸಂಕುಚಿತರೆಂದು ಅದರಿಂದ ಸಾಧಿಸಬೇಕಾಗುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಗುಣದ ಕಥನ

ವ್ಯಾಕರಣದಿಂದಲ್ಲದಿದ್ದರೂ ಬೇರೆ ದಾರಿಗಳಿಂದ ಕನ್ನಡಿಗರ ‘ಗುಣ’ವನ್ನು ಸ್ಥಾಪಿಸುವ ಬರವಣಿಗೆ ನಮ್ಮಲ್ಲಿ ಸಮೃದ್ಧವಾಗಿದೆ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಹೊರಬಂದಾಗ ಕನ್ನಡ ಮಾತನಾಡುವವರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಅವರಿಗೆ ಒಂದು ಗತವೈಭವವನ್ನು ಕೊಡುವುದು ರಾಜಕೀಯ ಅಗತ್ಯವಾಗಿತ್ತು. ಅವರು ಮುಂದೆ ಬೆಳೆಸಿದ ‘ಕರ್ನಾಟಕತ್ವ’ ಎಂಬ ಪರಿಕಲ್ಪನೆಯನ್ನು ಅದರ ಚರಿತ್ರೆಯಲ್ಲಿಟ್ಟು ಗೌರವಿಸಬೇಕು. ನನ್ನ ತಕರಾರು ಅವರ ನಂತರದ ಕಾಲದವರ ಬಗ್ಗೆ. ವೈಭವದ ಕಥನವು ಏಕೀಕರಣವಾದ ಮೇಲೆ ಕೊರತೆಯ ಕಥನವಾಗಿ ತಿರುಗಿತು. ಕನ್ನಡಿಗರು ಅತಿ ಉದಾರಿಗಳು, ಅತಿ ಸಹಿಷ್ಣುಗಳು, ಆದ್ದರಿಂದ ನಿರಭಿಮಾನಿಗಳು ಎಂಬುದು ಅದರ ಪಲ್ಲವಿ. ಒಂದೇ ಗುಣವನ್ನು ನಾಡಗೀತೆಯ ದಿನ ಹೆಮ್ಮೆಯಾಗಿಯೂ ಪ್ರತಿಭಟನೆಯ ದಿನ ದೌರ್ಬಲ್ಯವಾಗಿಯೂ ಹೇಳುತ್ತೇವೆ. ಯಾವ ಪುರಾವೆಯಿಂದಲೂ ಸುಳ್ಳಾಗಿಸಲಾಗದ ಹೇಳಿಕೆ ಇದು. ಅಂಗಡಿಯವನು ಗಿರಾಕಿಯ ಭಾಷೆಯಲ್ಲಿ ಮಾತನಾಡಿದರೆ ಔದಾರ್ಯ, ಮಾತನಾಡದಿದ್ದರೆ ಜಾಗೃತಿ. ಎರಡೂ ಕನ್ನಡಿಗನ ಸ್ವಭಾವಕ್ಕೆ ಸಾಕ್ಷಿ. ಅಂಗಡಿಯವನು ವ್ಯಾಪಾರಕ್ಕಾಗಿ ಭಾಷೆ ಬದಲಿಸುತ್ತಾನೆ ಎಂಬ ಸರಳ ವಿವರಣೆಗೆ ಅಲ್ಲಿ ಜಾಗವಿಲ್ಲ.

ಸ್ವಭಾವದ ಮಾತನ್ನು ಇತರ ದೇಶಗಳಲ್ಲೂ ಆಡುತ್ತಾರೆ. ‘ಇಂಗ್ಲಿಷ್‌ತನ’ ಎಂದರೇನೆಂಬ ಚರ್ಚೆ ಇಂಗ್ಲೆಂಡಿನಲ್ಲಿ ಇತ್ತೀಚಿನ ದಶಕಗಳಲ್ಲಿ ಜೋರಾಗಿ ನಡೆದಿದೆ. ನಮಗೆ ಉಪಯುಕ್ತವಾದದ್ದು ಆ ಚರ್ಚೆಯ ಉತ್ತರಗಳಿಗಿಂತ ಅದರ ಪದಸಂಪತ್ತು. ಅಲ್ಲಿ ರಾಜ್ಯದ ಪ್ರಜೆಗೆ ‘ಬ್ರಿಟಿಷ್’ ಎಂಬ ಪದವಿದೆ, ಸಮುದಾಯದ ಸದಸ್ಯನಿಗೆ ‘ಇಂಗ್ಲಿಷ್’ ಎಂಬ ಪದವಿದೆ. ಎರಡರ ನಡುವಿನ ಗೆರೆ ಎಷ್ಟು ತೆಳುವೆಂಬುದನ್ನು ಅವರ ಜನಗಣತಿಯೇ ತೋರಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಲ್ಲಿ ತಾವು ಇಂಗ್ಲಿಷ್ ಮಾತ್ರ ಎಂದವರು ಶೇ. 58ರಷ್ಟು, 2021ರಲ್ಲಿ ಸುಮಾರು ಶೇ. 15. ಆ ಹತ್ತು ವರ್ಷಗಳಲ್ಲಿ ಜನರ ಸ್ವಭಾವ ಬದಲಾಗಲಿಲ್ಲ. ಪ್ರಶ್ನಾವಳಿಯಲ್ಲಿ ‘ಬ್ರಿಟಿಷ್’ ಎಂಬ ಆಯ್ಕೆಯನ್ನು ಇಂಗ್ಲೆಂಡಿನಲ್ಲಿ ಮೊದಲ ಸಾಲಿಗೆ ತಂದದ್ದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದು ಅಂಕಿಅಂಶಗಳ ಕಚೇರಿಯೇ ಎಚ್ಚರಿಸಿತು. ಗುರುತು ಎಂದು ನಾವು ಕರೆಯುವುದು ಎಷ್ಟೋ ಬಾರಿ ಕೇಳಿದ ಪ್ರಶ್ನೆಯ ಆಕಾರವನ್ನು ಪಡೆಯುತ್ತದೆ.

ಕನ್ನಡದಲ್ಲಿ ಆ ಎರಡು ಪದಗಳಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. ಅದರ ಪ್ರಜೆಗೆ ಹೆಸರಿಡುವ ಕೆಲಸ ಆಗಲಿಲ್ಲ. ‘ಕರ್ನಾಟಕದವರು’ ಎನ್ನುತ್ತೇವೆ, ಅದು ವಿವರಣೆ, ಹೆಸರಲ್ಲ. ಕನ್ನಡವನ್ನಾಡುವ ಸಮುದಾಯದ ಹೆಸರನ್ನೇ ರಾಜ್ಯದ ಪ್ರಜೆಯ ಹೆಸರನ್ನಾಗಿಯೂ ಬಳಸುತ್ತಿದ್ದೇವೆ. 2011ರ ಗಣತಿಯ ಪ್ರಕಾರ ರಾಜ್ಯದ ಮೂರನೆಯ ಎರಡು ಭಾಗದಷ್ಟು ಜನರಿಗೆ ಕನ್ನಡ ಮಾತೃಭಾಷೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದವರನ್ನು ಕನ್ನಡಿಗರೆಂದರೆ ಅವರ ಮನೆಮಾತನ್ನು ಮರೆಮಾಡಿದಂತೆ, ಅಲ್ಲವೆಂದರೆ ಅವರನ್ನು ಊರಿನಿಂದ ಹೊರಗೆ ಹಾಕಿದಂತೆ. ‘ನಾಡುನುಡಿ’ ಎಂಬ ಜೋಡುಪದವನ್ನು ನಾವು ಒಂದೇ ಉಸಿರಿನಲ್ಲಿ ಹೇಳಿ ಅಭ್ಯಾಸವಾಗಿ, ಅದರ ನಡುವಿನ ಹೊಲಿಗೆ ಕಾಣದಾಗಿದೆ. ಕಾನೂನಿನ ವ್ಯಾಖ್ಯೆಗಳು ತೊಡಕಿಗೆ ಸಿಕ್ಕಿಕೊಳ್ಳುವುದು ಆ ಹೊಲಿಗೆಯಲ್ಲೇ.

ಪಶ್ಚಿಮ ಬೆಂಗಳೂರಿನ ಸ್ಥಳನಾಮಗಳು ಈ ಹೊಲಿಗೆಯನ್ನು ಬಯಲಿಗೆ ತರುತ್ತವೆ. ‘ಕನ್ನಡದ ಭಾಗ’ದ ಒಂದು ಪ್ರಮುಖ ಬಡಾವಣೆಗೆ ತಮಿಳು ಮನೆಮಾತಿನ ರಾಜಾಜಿಯವರ ಹೆಸರಿದೆ. ಇನ್ನೊಂದಕ್ಕೆ, ಕನ್ನಡ, ತೆಲುಗು, ತಮಿಳು, ಸಂಸ್ಕೃತಗಳಲ್ಲಿ ಶಾಸನ ಬರೆಸಿದ, ತನ್ನ ಪ್ರಸಿದ್ಧ ದೊರೆ ತೆಲುಗಿನಲ್ಲಿ ಕಾವ್ಯ ಬರೆದ ಸಾಮ್ರಾಜ್ಯದ ಹೆಸರಿದೆ. ಈ ಸ್ಮಾರಕನಾಮಗಳ ಕೆಳಗೆ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ, ಕುರುಬರಹಳ್ಳಿ ಎಂಬ ಹಳ್ಳಿಯ ಹೆಸರುಗಳು ಇನ್ನೂ ಉಸಿರಾಡುತ್ತಿವೆ. ಇವು ಯಾರ ಸ್ಮರಣೆಗೂ ಇಟ್ಟ ಹೆಸರುಗಳಲ್ಲ, ಅಲ್ಲಿದ್ದ ಜನ ಕರೆದ ಹೆಸರುಗಳು. ಇವೆರಡರ ಮಧ್ಯೆ ಡಾ. ರಾಜ್‌ಕುಮಾರ್ ರಸ್ತೆ ಹಾದುಹೋಗುತ್ತದೆ. 1982ರ ಗೋಕಾಕ್ ಚಳವಳಿಯ ಮುಂಚೂಣಿಗೆ ಬಂದು ಕನ್ನಡಿಗನ ಪ್ರತೀಕವೇ ಆದ ನಟನ ಹುಟ್ಟೂರೆಂದು ಪ್ರಸಿದ್ಧವಾದ ಗಾಜನೂರು ಇಂದು ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಹುಟ್ಟಿನ ಷರತ್ತನ್ನು ಕರಡಿನಲ್ಲಿ ಸೇರಿಸಿದವರು ಆ ರಸ್ತೆಯಲ್ಲಿ ಒಮ್ಮೆಯಾದರೂ ಹೋಗಿರುತ್ತಾರೆ.

ಪರೀಕ್ಷೆಯ ಕನ್ನಡ

ಕನ್ನಡ ಬಲ್ಲವರಿಗೆ ಕನ್ನಡದ ನೆಲದಲ್ಲಿ ಕೆಲಸ ಸಿಗಬೇಕೆಂಬ ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಬ್ಯಾಂಕಿನ ಕಿಟಕಿಯ ಆಚೆ ಕುಳಿತವನಿಗೆ, ಆಸ್ಪತ್ರೆಯ ದಾದಿಗೆ ಕನ್ನಡ ಬರದಿದ್ದರೆ ತೊಂದರೆ ಅನುಭವಿಸುವವರು ಕನ್ನಡವೊಂದನ್ನೇ ಬಲ್ಲವರು, ಅಂದರೆ ಬಹುಮಟ್ಟಿಗೆ ಬಡವರು. ಈ ಬೇಡಿಕೆಯನ್ನು ಸಂಕುಚಿತತೆಯೆಂದು ಆಂಗ್ಲ ಪತ್ರಿಕೆಗಳು ಹೀಯಾಳಿಸಿದಾಗ ನನಗೆ ಸಿಟ್ಟು ಬರುತ್ತದೆ. ಆದರೆ ಆ ಬೇಡಿಕೆಗೆ ಬೇಕಾದದ್ದು ‘ಬರುತ್ತದೆ’ ಎಂಬ ವಾಕ್ಯ, ‘ಕನ್ನಡಿಗ’ ಎಂಬ ವಾಕ್ಯವಲ್ಲ. ಯಾವ ಹುದ್ದೆಗೆ ಎಷ್ಟು ಕನ್ನಡ, ಮಾತೋ ಬರಹವೋ, ಎಂಬುದನ್ನು ಹುದ್ದೆಯ ಕೆಲಸದಿಂದ ತೀರ್ಮಾನಿಸಬಹುದು. ಕನ್ನಡಿಗನಾರೆಂಬುದನ್ನು ತೀರ್ಮಾನಿಸುವ ಅಗತ್ಯವೇ ಅಲ್ಲಿ ಹುಟ್ಟುವುದಿಲ್ಲ.

‘ತನ’ ಎಂಬ ಪ್ರತ್ಯಯವನ್ನು ಈ ಸಂದರ್ಭದಲ್ಲಿ ಗಮನಿಸಬಹುದು. ಒಕ್ಕಲಿಗ–ಒಕ್ಕಲುತನ ಎಂಬ ಜೋಡಿಯ ಪಕ್ಕದಲ್ಲಿ ಕನ್ನಡಿಗ–ಕನ್ನಡತನ ಎಂಬುದನ್ನು ಇಟ್ಟರೆ, ಒಕ್ಕಲುತನವು ಮಾಡುವ ಕೆಲಸ; ಕನ್ನಡತನವು ಮಾತ್ರ ಇರುವ ಗುಣವೆಂದು ತಿಳಿದಿದ್ದೇವೆ. ಪ್ರತ್ಯಯದಿಂದ ಯಾವ ತೀರ್ಮಾನವೂ ಹೊರಡುವುದಿಲ್ಲ. ಹೋಲಿಕೆಯ ಮಟ್ಟಿಗೆ ಇದು ಸಾಕು. ಆಲೂರರು ಸಂಸ್ಕೃತದ ‘ತ್ವ’ವನ್ನು ಆರಿಸಿಕೊಂಡರು, ಮತ್ತು ‘ತ್ವ’ ಪ್ರತ್ಯಯಾಂತಗಳು ಕನ್ನಡದಲ್ಲಿ ಬಹುಮಟ್ಟಿಗೆ ತತ್ತ್ವಗಳಾಗಿಯೇ ಉಳಿಯುತ್ತವೆ.

ಇನ್ನು ಪರೀಕ್ಷೆ. 2024ರ ಮಸೂದೆಯು ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡವನ್ನು ಓದದವರಿಗೆ ಪ್ರಾವೀಣ್ಯ ಪರೀಕ್ಷೆಯನ್ನು ವಿಧಿಸಿತ್ತು. ಮಾತಿನ ಪರೀಕ್ಷೆಯನ್ನು ನಡೆಸುವವರು ಯಾವ ಕನ್ನಡವನ್ನು ಪ್ರಮಾಣವೆಂದು ತೆಗೆದುಕೊಳ್ಳುತ್ತಾರೆ? ಪಠ್ಯಪುಸ್ತಕದ, ವಾರ್ತೆಯ ಕನ್ನಡಕ್ಕೆ ಹಳೆ ಮೈಸೂರಿನ ಶಿಷ್ಟರ ಮಾತು ಹತ್ತಿರವಾಗಿದೆ. ಕೆಂಗೇರಿಯ ಶೆಡ್ಡಿನಲ್ಲಿರುವ ಯಾದಗಿರಿಯ ತಾಯಿ ‘ಹೋಗ್ಯಾರ’, ‘ಮಾಡ್ಲಿಕತ್ತಾರ’ ಎನ್ನುತ್ತಾಳೆ. ಅವಳ ಮಗ ಬೆಂಗಳೂರಿನ ಸರ್ಕಾರಿ ಶಾಲೆಯಲ್ಲಿ ಒಂದೆರಡು ವರ್ಷದಲ್ಲಿ ‘ಹೋಗಿದ್ದಾರೆ’, ‘ಮಾಡ್ತಿದ್ದಾರೆ’ ಎನ್ನಲು ಕಲಿಯುತ್ತಾನೆ, ಮನೆಗೆ ಬಂದಾಗ ಹಿಂದಿನ ರೂಪಕ್ಕೆ ಮರಳುತ್ತಾನೆ, ಮತ್ತು ಗೆಳೆಯರ ಮುಂದೆ ತಾಯಿಯೊಡನೆ ಫೋನಿನಲ್ಲಿ ಮಾತನಾಡಲು ಹಿಂಜರಿಯುತ್ತಾನೆ. ತಾಯಿ ಎಸ್‌ಎಸ್‌ಎಲ್‌ಸಿ ಓದಿಲ್ಲ. ಹುಟ್ಟು, ವಾಸಗಳ ಷರತ್ತುಗಳಲ್ಲಿ ಅವಳು ನಿಸ್ಸಂದೇಹವಾಗಿ ತೇರ್ಗಡೆಯಾಗುತ್ತಾಳೆ. ‘ಲೆಜಿಬಲ್’ ಎಂಬ ಪದವು ಮಾತಿಗೂ ಅನ್ವಯಿಸುವ ಪರೀಕ್ಷೆಯಲ್ಲಿ ಅವಳ ಉಚ್ಚಾರಣೆಯನ್ನು ಯಾರು, ಯಾವ ಅಂಕಪಟ್ಟಿ ಹಿಡಿದು ಓದುತ್ತಾರೆ ಎಂಬುದನ್ನು ಮಸೂದೆ ಹೇಳಿರಲಿಲ್ಲ. ಅದು ಮತ್ತೆ ಸದನದ ಮುಂದೆ ಬರುವುದಾದರೆ, ಕರಡು ಸಮಿತಿಯಲ್ಲಿ ಉಪಭಾಷೆಗಳನ್ನು ಬಲ್ಲ ಒಬ್ಬರಾದರೂ ಇರಬೇಕೆಂದು ನಮ್ಮ ವಿಭಾಗಗಳು ಈಗಲೇ ಬರೆದು ಕೇಳಬಹುದು.